ತಿರುವುಗಳನ್ನು ಮರಳಿ ಪಡೆದ ಕಿಸ್ಸಿಮಿ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಕಿಸ್ಸಿಮಿ ಎಂಬ ನದಿಯೊಂದಿದೆ. ತನ್ನದೇ ಹೆಸರಿನ ಸರೋವರದಲ್ಲಿ ಹುಟ್ಟಿ ದಕ್ಷಿಣದ ಓಕಿಚೋಬಿ ಸರೋವರವನ್ನು ಸೇರುವ ಈ ನದಿ ಒಂದು ಕಾಲಕ್ಕೆ ಸುತ್ತಿ ಬಳಸಿ 166 ಕಿ.ಮೀ. ಹರಿಯುತ್ತಿತ್ತು. ಅಮೆರಿಕದ ಸೇನಾ ಎಂಜಿನಿಯರುಗಳ ದಳ ಅದನ್ನು 90 ಕಿ.ಮೀ. ಉದ್ದದ ನೇರ ಕಾಲುವೆಯನ್ನಾಗಿ ಮಾಡಿತು. ಮೂರು ದಶಕಗಳ ಬಳಿಕ ಅದೇ ದಳದ ಎಂಜಿನಿಯರುಗಳು ಆ ಕಾಲುವೆಗೆ ಮಣ್ಣು ತುಂಬಲು ನಿಂತರು. ನದಿಯ ಆರೋಗ್ಯ ಎಲ್ಲಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಯೋಗ ಇನ್ನೊಂದಿರುವುದು ವಿರಳ.

ಕಾಲುವೆ ತೋಡಿದವರನ್ನು ಸುಮ್ಮನೆ ದೂರುವುದು ಸರಿಯಲ್ಲ. 1947ರಲ್ಲಿ ಚಂಡಮಾರುತಗಳು ಸುರಿಸಿದ ಮಳೆಯಿಂದ ಆ ಪ್ರದೇಶ ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿತ್ತು. ಮನೆ, ಹುಲ್ಲುಗಾವಲು ಕಳೆದುಕೊಂಡವರು ರಕ್ಷಣೆ ಕೇಳಿದ್ದು ಸಹಜ. 1962ರಿಂದ 1971ರವರೆಗೆ ಈ ದಳ ಸುಮಾರು 90 ಮೀಟರ್ ಅಗಲ, 9 ಮೀಟರ್ ಆಳದ ‘ಸಿ-38’ ಕಾಲುವೆಯನ್ನು ಅಗೆದು, ನಡುನಡುವೆ ತೂಬುಗೇಟುಗಳನ್ನು ಕೂರಿಸಿತು. ನೆರೆ ತಗ್ಗಿತು. ಜೊತೆಗೇ ನದಿಯೂ ಸತ್ತಿತು.

ಸತ್ತದ್ದು ಹೇಗೆ? ಕಿಸ್ಸಿಮಿ ಹರಿಯುವುದು ಬಹುತೇಕ ಸಮತಟ್ಟಾದ ನೆಲದಲ್ಲಿ. ಮಳೆ ಹೆಚ್ಚಿದಾಗ ನೀರು ದಡ ಮೀರಿ ಎರಡು ಮೂರು ಕಿ.ಮೀ. ಅಗಲದ ಬಯಲಿಗೆ ಹರಡುತ್ತಿತ್ತು. ವರ್ಷದ ಬಹುಪಾಲು ಅಲ್ಲೇ ನಿಂತು, ಮೆಲ್ಲಮೆಲ್ಲನೆ ನದಿಗೆ ಹಿಂತಿರುಗುತ್ತಿತ್ತು. ಆ ತೆಳುನೀರಿನಲ್ಲಿ ಹುಲ್ಲು, ಹುಳು, ಸಿಗಡಿ, ಮೀನುಮರಿ ಎಲ್ಲವೂ ಬೆಳೆಯುತ್ತಿದ್ದವು. ನದಿಗೆ ಉಣಿಸುತ್ತಿದ್ದುದು ಆ ಬಯಲು. ಕಾಲುವೆಯಾದ ಮೇಲೆ ನೀರು ದಡದಿಂದ ಮೇಲೇಳಲೇ ಇಲ್ಲ. ಹನ್ನೆರಡು ಸಾವಿರ ಹೆಕ್ಟೇರಿಗೂ ಹೆಚ್ಚು ಜೌಗು ನೆಲ ಒಣಗಿ ದನ ಮೇಯುವ ಹುಲ್ಲುಗಾವಲಾಯಿತು. ಚಳಿಗಾಲಕ್ಕೆ ಬರುತ್ತಿದ್ದ ಬಾತುಗಳ ಸಂಖ್ಯೆ ಶೇ. 90ಕ್ಕೂ ಹೆಚ್ಚು ಕುಸಿಯಿತು. ನೀರಕ್ಕಿಗಳ ಜಾಗದಲ್ಲಿ ದನಗಳ ಹಿಂದೆ ಅಡ್ಡಾಡುವ ಗೋವಕ್ಕಿಗಳು ತುಂಬಿಕೊಂಡವು.

ಇನ್ನು ಕಾಲುವೆಯ ಇಕ್ಕೆಲಗಳಲ್ಲಿ ಉಳಿದುಹೋದ ಹಳೆಯ ತಿರುವುಗಳ ಕಥೆ. ಹರಿವಿಲ್ಲದ ಆ ತುಂಡುಗಳನ್ನು ಅಂತರಗಂಗೆಯಂತಹ ತೇಲುಕಳೆಗಳು ಮುಚ್ಚಿದವು. ಕಳೆ ಸತ್ತು ತಳಕ್ಕಿಳಿದು ಕಪ್ಪು ಕೆಸರಾಗಿ ಕೊಳೆಯಿತು. ಕೊಳೆಯುವ ಕ್ರಿಯೆಯೇ ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಂಡಿತು. ಬಾಸ್ ಮೀನುಗಳು ಕಡಿಮೆಯಾಗಿ, ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಗಾರ್, ಬೋಫಿನ್ ಮೀನುಗಳು ಹೆಚ್ಚಿದವು. ಯಾವ ಮೀನು ಉಳಿದಿದೆ ಎಂಬುದೇ ನೀರಿನ ಸ್ಥಿತಿಯನ್ನು ಹೇಳುತ್ತಿತ್ತು. ಇತ್ತ ಬಯಲಿನಲ್ಲಿ ಸೋಸಿಕೊಳ್ಳಬೇಕಾದ ಗೊಬ್ಬರ, ಸಗಣಿಗಳ ರಂಜಕ ನೇರ ಓಕಿಚೋಬಿ ಸರೋವರದ ಪಾಲಾಯಿತು.

ಕಾಲುವೆ ಮುಗಿಯುವ ಮೊದಲೇ ವಿರೋಧದ ದನಿಗಳೆದ್ದಿದ್ದವು. 1976ರಲ್ಲಿ ಫ್ಲಾರಿಡಾ ಶಾಸನಸಭೆ ನದಿಯ ಪುನರುಜ್ಜೀವನಕ್ಕಾಗಿ ಕಾಯ್ದೆ ಮಾಡಿತು. 1980ರ ದಶಕದಲ್ಲಿ ಕಾಲುವೆಗೆ ಅಡ್ಡಗಟ್ಟೆಗಳನ್ನು ಹಾಕಿ ಹಳೆಯ ತಿರುವುಗಳಿಗೆ ನೀರು ತಿರುಗಿಸಿ ನೋಡಿದರು. ಜೀವ ಮರಳುವ ಲಕ್ಷಣ ಕಂಡಿತು. 1992ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ನೀಡಿ, 1999ರಲ್ಲಿ ಕೆಲಸ ಶುರುವಾಯಿತು. ದಶಕಗಳ ಹಿಂದೆ ಅಗೆದು ಪಕ್ಕದಲ್ಲಿ ರಾಶಿ ಹಾಕಿದ್ದ ಮಣ್ಣನ್ನೇ ಮತ್ತೆ ಕಾಲುವೆಗೆ ತುಂಬಿದರು. ಎರಡು ತೂಬುಗೇಟುಗಳನ್ನು ಕಿತ್ತುಹಾಕಿದರು. 2021ರಲ್ಲಿ ನಿರ್ಮಾಣ ಕಾರ್ಯ ಮುಗಿಯುವ ಹೊತ್ತಿಗೆ 35 ಕಿ.ಮೀ. ಕಾಲುವೆ ಮುಚ್ಚಿತ್ತು, ಸುಮಾರು 70 ಕಿ.ಮೀ. ನದಿ ಮತ್ತೆ ಹರಿಯುತ್ತಿತ್ತು. ಖರ್ಚು ನೂರು ಕೋಟಿ ಡಾಲರಿನ ಆಸುಪಾಸು.

ನನ್ನನ್ನು ಬೆರಗುಗೊಳಿಸುವುದು ಆಮೇಲೆ ನಡೆದ ಸಂಗತಿ. ಹರಿವು ಬಂದದ್ದೇ ತಡ, ನೀರು ತಳದ ಕೆಸರನ್ನು ತಾನೇ ಕೊಚ್ಚಿ ತೆಗೆಯಿತು. ತಿರುವಿನ ಹೊರಬದಿಯಲ್ಲಿ ಸೆಳೆತ ಹೆಚ್ಚು, ಅಲ್ಲಿ ದಡ ಕೊರೆಯುತ್ತದೆ. ಒಳಬದಿಯಲ್ಲಿ ಹರಿವು ನಿಧಾನ, ಅಲ್ಲಿ ಮರಳು ಕೂರುತ್ತದೆ. ಹೀಗೆ ಬಿಳಿ ಮರಳುದಿಬ್ಬಗಳು ಯಾರೂ ಕಟ್ಟದೆ ಎದ್ದವು. ಆಮ್ಲಜನಕ ಏರಿತು, ಬಾಸ್ ಮೀನುಗಳು ಹೆಚ್ಚಿದವು. ಬಯಲಿನಲ್ಲಿ ಜೌಗುಗಿಡಗಳನ್ನು ನೆಡುವ ಪ್ರಮೇಯವೇ ಬರಲಿಲ್ಲ. ನೀರು ನಿಂತಲ್ಲೆಲ್ಲ ಅವು ತಾವಾಗಿಯೇ ಮರಳಿದವು. ಬಾತುಗಳು, ಬೆಳ್ಳಕ್ಕಿಗಳು, ಕೊಕ್ಕರೆಗಳು ಮೇವಿಗೆ ಹಿಂತಿರುಗಿದವು.

ನಮ್ಮಲ್ಲಿ ನದಿಯನ್ನೋ ರಾಜಕಾಲುವೆಯನ್ನೋ ಸುಧಾರಿಸುವುದೆಂದರೆ ಹೂಳೆತ್ತಿ, ಇಕ್ಕೆಲಕ್ಕೂ ಕಾಂಕ್ರೀಟ್ ಗೋಡೆ ಎಬ್ಬಿಸುವುದು ಎಂದೇ ಆಗಿಬಿಟ್ಟಿದೆ. ಕಿಸ್ಸಿಮಿಯಲ್ಲಿ ಹಣದ ದೊಡ್ಡ ಪಾಲು ಹೋದದ್ದು ನೆಲಕ್ಕೆ. ನೀರು ಹರಡುವ ಜಾಗದಲ್ಲಿ ಹಕ್ಕಿದ್ದವರಿಗೆ ಬೆಲೆ ಕೊಟ್ಟು, ಅಂದಾಜು 40 ಸಾವಿರ ಹೆಕ್ಟೇರ್ ಭೂಮಿಯನ್ನು ಸರ್ಕಾರ ಪಡೆಯಿತು. ಇದು ಯಂತ್ರ ತಂದು ಅಗೆಯುವುದಕ್ಕಿಂತ ಕಷ್ಟದ, ತಾಳ್ಮೆಯ ಕೆಲಸ. ಆದರೆ ಇದನ್ನು ಬಿಟ್ಟು ನದಿಗೆ ಆರೋಗ್ಯ ತರುವ ದಾರಿ ನನಗಂತೂ ಕಾಣುತ್ತಿಲ್ಲ. ಹಾಗೆಂದು ಅವರು ಜನರನ್ನು ನೆರೆಗೆ ಒಡ್ಡಲಿಲ್ಲ. ಕಾಲುವೆಯ ಮೇಲಿನ ಮತ್ತು ಕೆಳಗಿನ ಭಾಗಗಳು ಈಗಲೂ ಕಾಲುವೆಗಳಾಗಿಯೇ ಇವೆ.

ಕೆಲಸ ಪೂರ್ತಿ ಮುಗಿದಿಲ್ಲ. ಮೇವಿಗೆ ಬರುವ ನೀರಕ್ಕಿಗಳು ನಿರೀಕ್ಷಿಸಿದಷ್ಟು ಗೂಡು ಕಟ್ಟಿಲ್ಲ. ಮರಿಗಳು ಹಾರುವವರೆಗೂ ಬಯಲಿನಲ್ಲಿ ನೀರು ನಿಧಾನವಾಗಿ ಇಳಿಯುತ್ತಾ ಹೋಗಬೇಕು, ಆಗ ಮಾತ್ರ ಮೀನುಗಳು ಗುಂಡಿಗಳಲ್ಲಿ ಒಟ್ಟುಗೂಡಿ ಹಕ್ಕಿಗಳಿಗೆ ಸುಲಭವಾಗಿ ಸಿಗುತ್ತವೆ. ನೀರು ಬೇಗ ಇಳಿದುಬಿಟ್ಟರೆ ಗೂಡು ವ್ಯರ್ಥ. ಹಾಗಾಗಿ ಮೇಲಿನ ಸರೋವರಗಳಲ್ಲಿ ನೀರಿನ ಗರಿಷ್ಠ ಮಟ್ಟವನ್ನು ಒಂದೂವರೆ ಅಡಿ ಏರಿಸಿ, ಆ ಹೆಚ್ಚುವರಿ ನೀರನ್ನು ಹಿಂದಿನ ಕಾಲದ ಹರಿವಿನ ಲಯದಲ್ಲೇ ನದಿಗೆ ಬಿಡುವ ಯೋಜನೆಯನ್ನು ಹಾಕಿಕೊಳ್ಳಲಾಗಿದೆ.