ಮಂಗನ ಕಾಯಿಲೆಯ ವೈರಸ್ಸು ಮತ್ತು ಮೂರಕ್ಷರದ ಓದು

1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹರಡಿದಾಗ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಿನೊಳಗೆ ಇರುವುದು ಸುಮಾರು 11 ಸಾವಿರ ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ದರಗು ತರಲು ಕಾಡಿಗೆ ಹೋದವರನ್ನು ಉಣುಗು ಕಚ್ಚಿದಾಗ ದೇಹ ಸೇರುವ ಈ ಎಳೆಯನ್ನು ಓದಿ, ಅದರಲ್ಲಿ ಬರೆದಿರುವ ಪ್ರೋಟೀನನ್ನು ಕಟ್ಟಿಕೊಡುವುದು ನಮ್ಮದೇ ಜೀವಕೋಶದ ರೈಬೋಸೋಮ್. ಪರರ ಬರಹವನ್ನು ಅದು ಇಷ್ಟು ನಿಷ್ಠೆಯಿಂದ ಓದುವುದೇಕೆಂದು ತಿಳಿಯಲು ಕೋಡಾನ್ ಮತ್ತು ಆಂಟಿಕೋಡಾನ್‌ಗಳು ಜೋಡಿಯಾಗುವ ಬಗೆಯನ್ನು ನೋಡಬೇಕು.

ಆರ್‌ಎನ್‌ಎ ಬರಹದಲ್ಲಿರುವುದು ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರ. ಮೂರು ಅಕ್ಷರಗಳ ಒಂದೊಂದು ಗುಂಪೂ ಒಂದು ಕೋಡಾನ್. ಹೀಗೆ ಆಗಬಹುದಾದ 64 ಕೋಡಾನ್‌ಗಳಲ್ಲಿ 61 ಕೋಡಾನ್‌ಗಳು ಪ್ರೋಟೀನ್ ಸರಪಳಿಯ ಬಿಡಿ ಕೊಂಡಿಗಳಾದ 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ನಿಲುಗಡೆಯ ಗುರುತುಗಳು. ಪದಗಳ ನಡುವೆ ತೆರಪಿಲ್ಲದ ಬರಹವಾದ್ದರಿಂದ ಎಲ್ಲಿಂದ ಓದಲು ತೊಡಗಬೇಕೆಂಬುದೇ ಮುಖ್ಯ. ‘ಅಡಿಕೆಹಲಸುಮೆಣಸುಬಿದಿರು’ ಎಂಬುದನ್ನು ಮೂರು ಮೂರಾಗಿ ಬಿಡಿಸಿದರೆ ನಮ್ಮ ಹಿತ್ತಿಲೇ ಕಾಣುತ್ತದೆ. ಒಂದಕ್ಷರ ಬಿಟ್ಟು ಓದಿದರೆ ‘ಡಿಕೆಹ, ಲಸುಮೆ, ಣಸುಬಿ’ ಎಂಬ ಗೊಂದಲ. ಸಾಮಾನ್ಯವಾಗಿ ಎಯುಜಿ ಎಂಬ ಕೋಡಾನ್ ಆರಂಭದ ಜಾಗವನ್ನು ತೋರಿಸುತ್ತದೆ.

ಅಮೈನೋ ಆಮ್ಲಕ್ಕೆ ಕೋಡಾನನ್ನು ನೇರವಾಗಿ ಗುರುತಿಸುವ ಶಕ್ತಿಯಿಲ್ಲ. ಅದನ್ನು ಹೊತ್ತು ತರುವುದು ಟಿ-ಆರ್‌ಎನ್‌ಎ ಎಂಬ ಪುಟ್ಟ ಅಣು. ಅದರ ಒಂದು ತುದಿಗೆ ಅಮೈನೋ ಆಮ್ಲ ಅಂಟಿಕೊಂಡಿದ್ದರೆ, ಇನ್ನೊಂದು ಕಡೆಯ ಮಡಿಕೆಯಲ್ಲಿ ಮೂರಕ್ಷರದ ಆಂಟಿಕೋಡಾನ್ ಇರುತ್ತದೆ. ಎ ಎದುರಿಗೆ ಯು, ಜಿ ಎದುರಿಗೆ ಸಿ ನಿಲ್ಲಬೇಕೆಂಬುದು ನಿಯಮ. ಆದರೆ ಮೂರನೆಯ ಅಕ್ಷರದಲ್ಲಿ ತುಸು ಸಡಿಲಿಕೆ ನಡೆಯುತ್ತದೆ ಎಂದು ಫ್ರಾನ್ಸಿಸ್ ಕ್ರಿಕ್ 1966ರಲ್ಲಿ ವಿವರಿಸಿದರು. ಆದ್ದರಿಂದಲೇ 61 ಕೋಡಾನ್‌ಗಳಿಗೆ 61 ಬಗೆಯ ಆಂಟಿಕೋಡಾನ್ ಬೇಕಾಗುವುದಿಲ್ಲ.

ಹೊರೆಯಲ್ಲಿರುವ ಆಮ್ಲ ಸರಿಯಾದದ್ದೇ ಎಂದು ರೈಬೋಸೋಮ್ ಪರೀಕ್ಷಿಸುತ್ತದೆಯೇ? 1962ರ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ನನಗಂತೂ ಇಡೀ ವಿಷಯದಲ್ಲಿ ಅತ್ಯಂತ ಜಾಣತನದ್ದೆನಿಸುವ ಪ್ರಯೋಗವಿದು. ಟಿ-ಆರ್‌ಎನ್‌ಎ ಹೊತ್ತಿದ್ದ ಅಮೈನೋ ಆಮ್ಲವಾದ ಸಿಸ್ಟೀನ್‌ನಿಂದ ಗಂಧಕವನ್ನಷ್ಟೇ ತೆಗೆದು ಅದನ್ನು ಅಲನೀನ್ ಎಂಬ ಇನ್ನೊಂದು ಆಮ್ಲವಾಗಿ ಮಾರ್ಪಡಿಸಿದಾಗ, ರೈಬೋಸೋಮ್ ಸಿಸ್ಟೀನ್ ಇರಬೇಕಾದ ಜಾಗದಲ್ಲಿ ಅಲನೀನನ್ನು ಸೇರಿಸಿಬಿಟ್ಟಿತು. ಶಿವಮೊಗ್ಗದ ಮಂಡಿಯಲ್ಲಿ ಮಾಲು ನೋಡದೆ ಯಾರೂ ಅಡಿಕೆ ಕೊಳ್ಳುವುದಿಲ್ಲ. ರೈಬೋಸೋಮ್ ಮಾತ್ರ ಚೀಲದ ಮೇಲೆ ಬೆಟ್ಟೆ ಎಂದು ಬರೆದಿದ್ದರೆ ಒಳಗೆ ಗೊರಬಲು ಇದ್ದರೂ ಒಪ್ಪಿಕೊಳ್ಳುತ್ತದೆ. ಸರಿಯಾದ ಆಮ್ಲವನ್ನು ಸರಿಯಾದ ಟಿ-ಆರ್‌ಎನ್‌ಎಗೆ ಹೊರಿಸುವ ಹೊಣೆಯೆಲ್ಲ ಅದಕ್ಕೂ ಮುಂಚಿನ ಹಂತದ ಕಿಣ್ವಗಳದ್ದು.

ಆಂಟಿಕೋಡಾನ್ ಹೊಂದಿತೇ ಎಂಬುದನ್ನಷ್ಟೇ ನೋಡುವ ಈ ಯಂತ್ರಕ್ಕೆ ಬರಹ ಯಾರದೆಂಬುದೂ ಬೇಕಿಲ್ಲ. (ಹೊರಗಿನ ಆರ್‌ಎನ್‌ಎಯನ್ನು ಪತ್ತೆಹಚ್ಚುವ ಕಾವಲು ಜೀವಕೋಶದಲ್ಲಿದೆ, ಆದರೆ ಅದು ರೈಬೋಸೋಮಿನ ಕೆಲಸವಲ್ಲ.) ಮಂಗನ ಕಾಯಿಲೆಯ ವೈರಸ್ಸು ತನ್ನ ಎಲ್ಲ ಪ್ರೋಟೀನ್‌ಗಳನ್ನೂ 3,400ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದೇ ಸರಪಳಿಯಾಗಿ ಬರೆದಿಟ್ಟಿದೆ. ಸೆಕೆಂಡಿಗೆ ಐದಾರು ಆಮ್ಲಗಳ ಲೆಕ್ಕದಲ್ಲಿ ರೈಬೋಸೋಮ್ ಅದನ್ನು ಪೂರ್ತಿ ಓದಲು ಹತ್ತು ನಿಮಿಷ ಸಾಕು. ಕೊನೆಗೆ ನಿಲುಗಡೆಯ ಕೋಡಾನ್ ಬಂದಾಗ ಅದಕ್ಕೆ ಹೊಂದುವ ಟಿ-ಆರ್‌ಎನ್‌ಎ ಇಲ್ಲದೆ, ಬಿಡುಗಡೆಯ ಪ್ರೋಟೀನೊಂದು ಆ ಜಾಗಕ್ಕೆ ಬಂದು ಸರಪಳಿಯನ್ನು ಕಳಚುತ್ತದೆ. ಆ ಸರಪಳಿಯನ್ನು ಹತ್ತು ಪ್ರೋಟೀನ್‌ಗಳಾಗಿ ಕತ್ತರಿಸುವ ಕೆಲಸದಲ್ಲಿ ವೈರಸ್ಸಿನ ಕಿಣ್ವದ ಜೊತೆಗೆ ನಮ್ಮ ಕಿಣ್ವಗಳೂ ಕೈಜೋಡಿಸುತ್ತವೆ.