ಮೂರೂ ಪಾಸ್ ಆದ ಮೇಲೂ ಮೇಲ್ ಸ್ಪ್ಯಾಮ್‌ಗೆ ಹೋಗುವುದು ಯಾಕೆ?

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಫ್ಟ್‌ವೇರ್ ಹಾಕಿ ಸ್ವಂತ ಮೇಲ್ ಸರ್ವರ್ ಮಾಡಿಕೊಂಡಿದ್ದೇವೆ. ಕಳಿಸಿದವರ ಗುರುತು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸ್. ಆದರೂ ಜಿಮೇಲ್‌ಗೆ ಕಳಿಸಿದ್ದು ಸ್ಪ್ಯಾಮ್‌ಗೇ ಬೀಳುತ್ತದೆ. ಡೊಮೇನ್‌ನ ಸೆಟ್ಟಿಂಗ್‌ನಲ್ಲಿ ಯಾವ ರೆಕಾರ್ಡ್ ಬಿಟ್ಟುಹೋಗಿದೆ?

ಉತ್ತರ: ಆ ಮೂರರಲ್ಲಿ ಹುಡುಕಬೇಡಿ ಮಾರಾಯ್ರೆ, ಅಲ್ಲಿ ಎಂತದೂ ಬಿಟ್ಟುಹೋಗಿಲ್ಲ. ಉಡುಪಿಯವರೂ ಇದನ್ನೇ ಕೇಳುತ್ತಾರೆ, ಸುರತ್ಕಲ್‌ನವರೂ ಇದನ್ನೇ ಕೇಳುತ್ತಾರೆ. ಮೂರು ರೆಕಾರ್ಡ್ ಹಾಕಿದರೆ ಇನ್‌ಬಾಕ್ಸ್ ಗ್ಯಾರಂಟಿ ಎಂದು ಯಾರು ಹೇಳಿಕೊಟ್ಟರೋ!

ಎಸ್‌ಪಿಎಫ್ ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಐಪಿಗಳು (ಇಂಟರ್‌ನೆಟ್‌ನಲ್ಲಿ ಸರ್ವರ್‌ನ ವಿಳಾಸ ಸಂಖ್ಯೆಗಳು) ಮೇಲ್ ಕಳಿಸಬಹುದು ಎಂಬ ಪಟ್ಟಿ, ಅಷ್ಟೇ. ಡಿಕಿಮ್ ಅಂದರೆ ಮೇಲ್‌ಗೆ ನಿಮ್ಮ ಡೊಮೇನ್ ಹೆಸರಲ್ಲಿ ಹಾಕುವ ಡಿಜಿಟಲ್ ಸಹಿ. ಈ ಎರಡರಲ್ಲಿ ಒಂದಾದರೂ ಪಾಸಾಗಿ, ಕಳಿಸಿದವರ ವಿಳಾಸದಲ್ಲಿ ಕಾಣುವ ಡೊಮೇನ್‌ಗೆ ಹೊಂದುತ್ತದಾ ಎಂದು ಡಿಮಾರ್ಕ್ ನೋಡುತ್ತದೆ. ಮೂರೂ ಸೇರಿ ಹೇಳುವುದು ನೀವು ಯಾರು ಎಂದು ಮಾತ್ರ. ಆಧಾರ್ ಕಾರ್ಡ್ ತೋರಿಸಿದ ಮಾತ್ರಕ್ಕೆ ಸೊಸೈಟಿಯಲ್ಲಿ ಸಾಲ ಕೊಡುತ್ತಾರಾ? ಸ್ಪ್ಯಾಮ್ ಕಳಿಸುವವನೂ ಬೆಳಿಗ್ಗೆ ಡೊಮೇನ್ ಕೊಂಡು ಮಧ್ಯಾಹ್ನದೊಳಗೆ ಮೂರೂ ರೆಕಾರ್ಡ್ ಹಾಕುತ್ತಾನೆ. ಅವನದ್ದೂ ಪಾಸೇ.

"ಹಾಗಾದರೆ ಡಿಮಾರ್ಕ್ ಪಾಲಿಸಿಯಲ್ಲಿ 'ರಿಜೆಕ್ಟ್' ಎಂದು ಹಾಕ್ತೇನೆ, ಪಾಸಾಗದ ಮೇಲನ್ನು ತಿರಸ್ಕರಿಸಲಿ" ಎನ್ನುತ್ತೀರಿ. ಅದು ನಿಮ್ಮ ಹೆಸರಲ್ಲಿ ಸುಳ್ಳು ಮೇಲ್ ಕಳಿಸುವವರನ್ನು ತಡೆಯಲಿಕ್ಕೆ. ನಿಮ್ಮದೇ ಮೇಲ್‌ಗೆ ಅದರಿಂದ ಮರ್ಯಾದೆ ಜಾಸ್ತಿ ಆಗುವುದಿಲ್ಲ. ಹಾಗೆಂದು ಮೂರನ್ನೂ ತೆಗೆದುಬಿಡಬೇಡಿ, ಅವಿಲ್ಲದಿದ್ದರೆ ಬಾಗಿಲಿಗೇ ಸೇರಿಸುವುದಿಲ್ಲ.

ಜಿಮೇಲ್ ನೋಡುವುದು ಐಪಿ ಮತ್ತು ಡೊಮೇನ್‌ನ ಹಿಂದಿನ ನಡತೆಯನ್ನು. ಆಫೀಸಿನ ಬ್ರಾಡ್‌ಬ್ಯಾಂಡ್‌ನಿಂದಲೇ ನೇರ ಕಳಿಸುತ್ತಿದ್ದೀರಾ? ಅಂಥ ಐಪಿಗಳು ಸ್ಪ್ಯಾಮ್ ತಡೆಯುವ ಸಂಸ್ಥೆಯಾದ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಪಟ್ಟಿಯಲ್ಲಿ ಇರುವುದು ಸಾಮಾನ್ಯ. ನೀವು ತಪ್ಪು ಮಾಡಿದ್ದೀರಿ ಎಂದಲ್ಲ, ಅಲ್ಲಿಂದ ನೇರ ಮೇಲ್ ಬರಬಾರದು ಎಂಬ ಲೆಕ್ಕ. ಅಗ್ಗದ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಆದರೆ ಅಕ್ಕಪಕ್ಕದ ಐಪಿಯವರ ಪಾಪವೂ ನಿಮ್ಮ ತಲೆಗೆ. ಹೊಸ ಐಪಿಗಂತೂ ಹಿಂದಿನ ಚರಿತ್ರೆಯೇ ಇಲ್ಲ. ಮೊದಲು ಉತ್ತರ ಬರೆಯುವ ಗ್ರಾಹಕರಿಗಷ್ಟೇ ಸ್ವಲ್ಪ ಸ್ವಲ್ಪ ಕಳಿಸಿ. ಅವರಿಗೆ ಫೋನ್ ಮಾಡಿ, "ಸ್ಪ್ಯಾಮ್ ಅಲ್ಲ" ಒತ್ತಲು ಹೇಳಿ.

ಪಿಟಿಆರ್ ರೆಕಾರ್ಡನ್ನೂ ನೋಡಿ, ಅಂದರೆ ಈ ಐಪಿಯ ಹೆಸರು ಇಂಥದ್ದು ಎಂದು ಹೇಳುವ ರೆಕಾರ್ಡ್. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳಿಸುವವರಿಂದಲೂ ಅದನ್ನು ಕೇಳುತ್ತದೆ. ಡೊಮೇನ್ ಕೊಂಡ ಕಡೆ ಹಾಕಿದರೆ ಸುಮ್ನೆ ದಂಡ. ಐಪಿ ಯಾರದ್ದೋ ಅವರಲ್ಲೇ ಹೇಳಿ ಹಾಕಿಸಬೇಕು. ಅದು ಹೇಳುವ ಹೆಸರು ತಿರುಗಿ ಅದೇ ಐಪಿಗೆ ಬರಬೇಕು.

ಮೇಲ್ ಸರ್ವರ್ ಅಂದ ಕೂಡಲೇ ಮಳೆಗಾಲದ ಕರೆಂಟಿನ ಮಾತೂ ಬರುತ್ತದೆ, ಅಲ್ವಾ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ರಾತ್ರಿಯಿಡೀ ಸರ್ವರ್ ಬಂದ್ ಆದರೆ ಬರಬೇಕಾದ ಮೇಲ್ ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ. ಕಳಿಸುವ ಸರ್ವರ್ ಅದನ್ನು ಕ್ಯೂನಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೈಬಿಡುವ ಮೊದಲು ಕನಿಷ್ಠ 4-5 ದಿನ ಕಾಯಬೇಕು ಎಂಬುದು ಮೇಲ್ ಸಾಗಿಸುವ ನಿಯಮವಾದ ಎಸ್‌ಎಂಟಿಪಿಯ ರೂಢಿ. ಪೋಸ್ಟ್‌ಫಿಕ್ಸ್‌ನಲ್ಲಿ ಮೊದಲಿನಿಂದಲೇ 5 ದಿನ ಎಂದಿರುತ್ತದೆ. ಹಾಗಾಗಿ ಬ್ಯಾಕಪ್ ಎಂಎಕ್ಸ್ ಎಂದು, ನಿಮ್ಮದು ಬಂದ್ ಆದಾಗ ಮೇಲ್ ಪಡೆಯಲು ಇನ್ನೊಂದು ಸರ್ವರ್ ಕಟ್ಟಬೇಡಿ. ನಿಮ್ಮಲ್ಲಿ ಯಾರ ಯಾರ ವಿಳಾಸ ಉಂಟು ಎಂದು ಅದಕ್ಕೆ ತಿಳಿಸದಿದ್ದರೆ ಅದು ಸಿಕ್ಕಿದ ಸ್ಪ್ಯಾಮನ್ನೆಲ್ಲ ಹೊತ್ತು ತರುತ್ತದೆ. ಆ ದುಡ್ಡಿಗೆ ಒಂದು ಯುಪಿಎಸ್ ತನ್ನಿ. ಬ್ಯಾಟರಿ ಮುಗಿಯುವ ಮೊದಲೇ ಸರ್ವರ್ ತಾನಾಗಿ ಶಟ್‌ಡೌನ್ ಆಗುವ ಹಾಗೆ ಮಾಡಿಡಿ.