ರದ್ದು: ಪಹಣಿಯಿಂದ ರದ್ದಿಯವರೆಗೆ

ಖಾತೆ ತಕರಾರಿನಲ್ಲಿ ಮಧುಗಿರಿಯ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯಿಂದ ಆದೇಶ ಬಂದಿದೆ ಎನ್ನಿ. ಕೊನೆಯ ಸಾಲಿನಲ್ಲಿ ‘ಮೇಲ್ಮನವಿಯನ್ನು ವಜಾ ಮಾಡಿದೆ’ ಎಂದಿದ್ದರೆ ತಹಶೀಲ್ದಾರರ ಆದೇಶಕ್ಕೆ ಏನೂ ಆಗಿಲ್ಲ, ಅದು ಹಾಗೇ ನಿಂತಿದೆ. ‘ತಹಶೀಲ್ದಾರರ ಆದೇಶವನ್ನು ರದ್ದುಪಡಿಸಿದೆ’ ಎಂದಿದ್ದರೆ ಅದು ಬಿದ್ದುಹೋಯಿತು. ಈ ಎರಡು ಮಾತೂ ಕಿವಿಗೆ ಒಂದೇ ಥರ ಕೇಳಿಸುವುದರಿಂದ ಗೆದ್ದವರೇ ಸೋತೆವೆಂದು ತಿಳಿಯುವುದುಂಟು. ಹೋದದ್ದು ಅರ್ಜಿಯೋ ಆದೇಶವೋ, ಅದನ್ನು ಮೊದಲು ನೋಡಬೇಕು.

‘ರದ್ದು’ ಅರಬ್ಬಿಯ ‘ರದ್ದ್’. ಹಿಂದಿರುಗಿಸು, ಹಿಂದಕ್ಕೆ ತಳ್ಳು ಎಂಬುದು ಅದರ ಮೂಲ ಅರ್ಥ. ಬೇಡವೆಂದು ನಿರಾಕರಿಸು ಎಂಬುದು ಅಲ್ಲಿಂದಲೇ ಬೆಳೆದದ್ದು. ಫಾರಸಿಯ ಆಡಳಿತ ಭಾಷೆಯ ಮೂಲಕ ಇಂಥ ಮಾತುಗಳು ಕನ್ನಡಕ್ಕೆ ಬಂದವು. ನಮ್ಮ ಸೀಮೆಗೆ ಆ ಭಾಷೆ ಹೊಸದಲ್ಲ: ಕೋಲಾರ ಬಿಜಾಪುರದ ಶಹಾಜಿಯ ಜಹಗೀರಿಗೆ ಸೇರಿತ್ತು, 1687ರ ನಂತರ ಶಿರಾ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಯಿತು. ಕನ್ನಡದ ಬಾಯಿ ವ್ಯಂಜನದಲ್ಲಿ ಮಾತು ಮುಗಿಸಲು ಒಲ್ಲದು, ಕೊನೆಗೊಂದು ಉಕಾರ ಸೇರಿಸುತ್ತದೆ. ಹಕ್ಕ್ ಹಕ್ಕಾಯಿತು, ಹದ್ದ್ ಹದ್ದಾಯಿತು (ಸರ್ವೆಯವರ ಹದ್ದುಬಸ್ತಿನಲ್ಲಿರುವುದು ಎಲ್ಲೆ ಎಂಬರ್ಥದ ಇದೇ ಹದ್ದು, ಆಕಾಶದ್ದಲ್ಲ), ರದ್ದ್ ರದ್ದಾಯಿತು. ಅಂಗಡಿಯವರು ತೂಕಕ್ಕೆ ಕೊಳ್ಳುವ ರದ್ದಿ ಕಾಗದವೂ ಇದೇ ಮನೆಯದು: ಬೇಡವೆಂದು ತಳ್ಳಿದ್ದು.

ಹಿಂದಿರುಗಿಸು ಎಂಬ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ‘ಆದೇಶ ರದ್ದುಪಡಿಸಿ, ಮರುವಿಚಾರಣೆಗಾಗಿ ಹಿಂತಿರುಗಿಸಿದೆ’ ಎಂದು ಬರೆದಾಗ ಎರಡೂ ಒಟ್ಟಿಗೇ ಬರುತ್ತವೆ. ಅಂಥ ಆದೇಶದಿಂದ ಜಮೀನು ಯಾರದೆಂದು ತೀರ್ಮಾನವಾಗುವುದಿಲ್ಲ, ಕಡತ ತಾಲ್ಲೂಕು ಕಚೇರಿಗೆ ವಾಪಸು ಹೋಗುತ್ತದೆ. ಇನ್ನೊಂದು ತಪ್ಪು ಇಲ್ಲೇ ಆಗುತ್ತದೆ. ರದ್ದಾಯಿತೆಂದು ಆದೇಶದ ನಕಲು ಮನೆಯಲ್ಲಿಟ್ಟುಕೊಂಡರೆ ಪಹಣಿಯ 9ನೇ ಕಾಲಂನಲ್ಲಿರುವ ಮಾಲೀಕರ ಹೆಸರು ತಾನಾಗಿ ಬದಲಾಗುವುದಿಲ್ಲ. ಅದನ್ನು ತಾಲ್ಲೂಕು ಕಚೇರಿಗೆ ಕೊಟ್ಟು ಜಾರಿ ಮಾಡಿಸಬೇಕು.

ಇದರ ಅಕ್ಕಪಕ್ಕದ ಮಾತುಗಳನ್ನೂ ಬೇರೆ ಮಾಡಿಕೊಂಡಿರುವುದು ಒಳ್ಳೆಯದು. ‘ವಜಾ’ ಎಂದರೆ ಕಳೆಯುವುದು, ಮರಾಠಿಯಲ್ಲಿ ಕಳೆಯುವ ಲೆಕ್ಕಕ್ಕೆ ಇಂದಿಗೂ ಇದೇ ಪದ. ‘ಅಮಾನತು’ ಎಂದರೆ ನಂಬಿ ಒಪ್ಪಿಸಿಟ್ಟದ್ದು, ಠೇವಣಿ; ಹಾಗಾಗಿ ಲೈಸೆನ್ಸ್ ಅಮಾನತಾದರೆ ವಾಪಸು ಬರುವ ದಾರಿಯಿದೆ, ರದ್ದಾದರೆ ಹೊಸದಾಗಿ ಅರ್ಜಿ ಹಾಕಬೇಕು. ಕಾಯ್ದೆಯನ್ನೇ ತೆಗೆದುಹಾಕುವುದಕ್ಕೆ ವಿಧಾನಮಂಡಲದ ಕನ್ನಡ ಸಂಸ್ಕೃತದ ‘ನಿರಸನ’ವನ್ನು ಹಿಡಿದಿದೆ, ಹೊರಕ್ಕೆ ಎಸೆಯುವುದು ಎಂದು ಅದರ ಅರ್ಥ. ಒಂದು ಪದ್ಧತಿಯನ್ನು ಕೊನೆಗಾಣಿಸಿದರೆ ‘ರದ್ದಿಯಾತಿ’: 1950ರ ದಶಕದ ಇನಾಂ ರದ್ದಿಯಾತಿ ಕಾಯ್ದೆಗಳ ಹೆಸರು ಹಳೆಯ ರೈತರ ಬಾಯಲ್ಲಿ ಇನ್ನೂ ಇದೆ.

ಇವೆಲ್ಲ ಕಾಗದದ ಮಾತು. ಮನುಷ್ಯರನ್ನು, ಚಳವಳಿಯನ್ನು ಯಾರೂ ರದ್ದು ಮಾಡಲಾರರು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಗುಂಡು ಹಾರಿಸಿದ್ದನ್ನು ಹೇಳಲು ಬೇಕಾದದ್ದು ‘ಹತ್ತಿಕ್ಕು’, ‘ಅಡಗಿಸು’. ಅಡಗು ನಮ್ಮದೇ ಧಾತು. ತಮಿಳಿನ ಅಡಂಗು, ಚಿಂತಾಮಣಿ ಕಡೆಯ ತೆಲುಗಿನಲ್ಲಿ ಕೇಳುವ ಅಣಗು ಇದರ ದಾಯಾದಿಗಳು. ಅಡಗಿದ್ದು ಮತ್ತೆ ಏಳಬಹುದು ಎಂಬ ಸೂಚನೆ ಪದದಲ್ಲೇ ಇದೆ.

ಮತ್ತೆ ಕಾಗದಕ್ಕೆ ಬಂದರೆ, ರದ್ದು ಮಾಡುವ ಅಧಿಕಾರ ಯಾರದು ಎಂಬುದೇ ದೊಡ್ಡ ಪ್ರಶ್ನೆ. ಉಯಿಲನ್ನು ಬರೆದವರೇ ಬದುಕಿರುವಾಗ ಯಾವಾಗ ಬೇಕಾದರೂ ರದ್ದು ಮಾಡಬಹುದು, ಯಾರ ಒಪ್ಪಿಗೆಯೂ ಬೇಡ. ಕ್ರಯಪತ್ರ ಹಾಗಲ್ಲ. ಮಾರಿದವರೊಬ್ಬರೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ರದ್ದತಿ ಪತ್ರ ಬರೆದರೆ ಕೊಂಡವರ ಹಕ್ಕು ಅಳಿಯುವುದಿಲ್ಲ. ಕೊಂಡವರು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿಗೆ ದಾವೆ ಹಾಕಬೇಕು, ಅದೂ ವಿಷಯ ತಿಳಿದ 3 ವರ್ಷದೊಳಗೆ. ಡಿಕ್ರಿಯಾದರೆ, ಅಂದರೆ ದಾವೆ ಹಾಕಿದವರ ಪರ ತೀರ್ಪಾದರೆ, ಕೋರ್ಟು ಅದರ ನಕಲನ್ನು ನೋಂದಣಿ ಕಚೇರಿಗೆ ಕಳಿಸುತ್ತದೆ. ಅಲ್ಲಿ ಹಳೆಯ ಪತ್ರವನ್ನು ಕಿತ್ತುಹಾಕುವುದಿಲ್ಲ, ಅದರ ನಕಲಿನ ಮೇಲೆ ರದ್ದಾಗಿದೆ ಎಂದು ಷರಾ ಬರೆಯುತ್ತಾರೆ. ಮುಂದೆ ಜಮೀನು ಕೊಳ್ಳುವವರ ವಕೀಲರು ಆ ಹಳೆಯ ಪತ್ರ, ಡಿಕ್ರಿ ಎರಡನ್ನೂ ಕೇಳುತ್ತಾರೆ. ರದ್ದಾಯಿತಲ್ಲ ಎಂದು ರದ್ದಿಗೆ ಹಾಕಿದವರು ಆಗ ಮತ್ತೆ ನಕಲಿಗೆ ಅರ್ಜಿ ಬರೆಯಬೇಕಾಗುತ್ತದೆ.